ನೀರಗಂಟಿಯ ಗದ್ದೆಯ ತೂತು ಪೈಪು

ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ತೊಟ್ಟಿಲಲ್ಲಿದ್ದಾಗ ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿಯೇ ಬಾಯಿಗಿಡುತ್ತಿದ್ದೆನಂತೆ. ಹೀಗೆಂದು ಯಾರೂ ಹೇಳಿಲ್ಲ, ನಾನೇ ಹೇಳಿಕೊಂಡು ಬಂದಿದ್ದೇನೆ. ಆದರೆ ದಾವಣಗೆರೆ ಸರಸ್ವತಿ ನಗರದ ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಅಲ್ಲಗಳೆದೂ ಇಲ್ಲ. ಪಕ್ಕದ ಮನೆಯವರು ಹಬ್ಬಕ್ಕೆ ಹೋಳಿಗೆ ಕೊಟ್ಟರೆ, ಇವರಿಗೆ ನಮ್ಮಿಂದ ಏನು ಬೇಕಾಗಿದೆ ಎಂದು ಯೋಚಿಸುತ್ತಾ ಯೋಚಿಸುತ್ತಾ ನಾಲ್ಕು ತಿಂದು ಮುಗಿಸುವವಳು ನಾನು.

ಹೋದ ಬೇಸಿಗೆ ಪ್ರಥಮ ಪಿಯು ಪರೀಕ್ಷೆ ಮುಗಿದದ್ದೇ ತಡ, ಅಮ್ಮ ನನ್ನನ್ನು ಭಾನುವಳ್ಳಿಯ ದೊಡ್ಡಪ್ಪನ ಮನೆಗೆ ಅಟ್ಟಿದಳು. ಕಾರಣ, ನಾನು ಫೋನು ಬಿಟ್ಟು ಬೇರೇನನ್ನೂ ನೋಡುವುದಿಲ್ಲವಂತೆ. ದಾವಣಗೆರೆಯಿಂದ ಹರಿಹರ, ಹರಿಹರದಿಂದ ಭಾನುವಳ್ಳಿ, ಎರಡು ಬಸ್ಸು, ನಿಂತುಕೊಂಡೇ ಪ್ರಯಾಣ. ನನ್ನ ಕಾಲಿನ ಮೇಲೆ ಒಬ್ಬರ ಅಕ್ಕಿಮೂಟೆ, ಅದರ ಮೇಲೆ ಇನ್ನೊಬ್ಬರ ಮಗು. ಊರು ತಲುಪಿ ಎರಡೇ ದಿನಕ್ಕೆ ನನಗೆ ಒಂದು ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಫೋನಿನಲ್ಲಿ ಫೋಟೋ ತೆಗೆದು ಕಳಿಸುವ ಕೆಲಸ. ಅಮ್ಮನಿಗೆ ಇದನ್ನು ಹೇಳಿದಾಗ, ದೊಡ್ಡಪ್ಪನಿಗೆ ಫೋನು ಕೊಡು ಎಂದಳು.

ದೊಡ್ಡಪ್ಪ ಊರಿನ ನೀರಗಂಟಿ. ಭದ್ರಾ ನಾಲೆಯ ನೀರು ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ಎಂದು ಹೇಳುವವರು, ಹೇಳಿದ ಹಾಗೆ ತೂಬು ತಿರುಗಿಸುವವರು. ತೂಬಿನ ಕೀಲಿ ಎಂದರೆ ಬೀಗದ ಕೀಲಿಯಲ್ಲ, ಮೊಳದುದ್ದದ ಕಬ್ಬಿಣದ ಹಿಡಿಕೆ. ತಾತನ ಕೈಯಿಂದ ದೊಡ್ಡಪ್ಪನ ಕೈಗೆ ಬಂದದ್ದು. ಅದನ್ನು ಹೆಗಲ ಮೇಲಿಟ್ಟುಕೊಂಡು ಅವರು ನಾಲೆಯ ಏರಿಯ ಮೇಲೆ ನಡೆದರೆ ಎಮ್ಮೆಗಳೂ ಪಕ್ಕಕ್ಕೆ ಸರಿಯುತ್ತವೆ. (ಒಂದು ಎಮ್ಮೆ ಸರಿದದ್ದನ್ನು ನಾನೇ ಕಂಡಿದ್ದೇನೆ.) ಆದರೆ ನಾಲೆಯ ಕೊನೆಯ ಗದ್ದೆಗಳಿಗೆ ಬೇಸಿಗೆಯಲ್ಲಿ ನೀರು ಮುಟ್ಟುವುದೇ ಇಲ್ಲ. ಮೇಲಿನವರು ಗದ್ದೆಯನ್ನು ಕೆರೆಯ ಹಾಗೆ ತುಂಬಿಸಿಕೊಳ್ಳುತ್ತಾರೆ. ಕೊನೆಯವರು ದಿನಾ ಬೆಳಿಗ್ಗೆ ಬಂದು ನಮ್ಮ ಅಂಗಳದಲ್ಲಿ ನಿಂತು ದೊಡ್ಡಪ್ಪನ ಮುಖ ನೋಡುತ್ತಾರೆ. ಬೈಯುವುದಿಲ್ಲ, ಸುಮ್ಮನೆ ನೋಡುತ್ತಾರೆ. ಬೈದಿದ್ದರೇ ವಾಸಿ ಎಂದು ದೊಡ್ಡಪ್ಪ ಅನ್ನುತ್ತಿದ್ದರು.

ಹಾಗಿರುವಾಗ ಹರಿಹರದಲ್ಲಿ ಕೋಣೆ ಮಾಡಿಕೊಂಡು ಸಂಶೋಧನೆ ಮಾಡುತ್ತಿದ್ದ ಮೇಡಂ ಒಬ್ಬರು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಪ್ಲಾಸ್ಟಿಕ್ ಪೈಪಿನ ತುಂಡು ಇಟ್ಟುಕೊಂಡು ಬಂದರು. ಮೊಳದಷ್ಟು ಉದ್ದ, ಮೈತುಂಬಾ ತೂತು. ಅದನ್ನು ಗದ್ದೆಯ ಕೆಸರಿನಲ್ಲಿ ನೆಟ್ಟು ಒಳಗಿನ ಮಣ್ಣು ತೆಗೆದರೆ, ನೆಲದ ಕೆಳಗೆ ನೀರು ಎಷ್ಟಿದೆ ಎನ್ನುವುದು ಬಾವಿಯೊಳಗೆ ಕಂಡ ಹಾಗೆ ಕಾಣುತ್ತದೆ. ಭತ್ತಕ್ಕೆ ಯಾವಾಗಲೂ ನೀರು ನಿಂತಿರಬೇಕಿಲ್ಲ, ಪೈಪಿನಲ್ಲಿ ನೀರು ನೆಲದಿಂದ ಒಂದು ಗೇಣು ಕೆಳಗಿಳಿದಾಗ ಮತ್ತೆ ಕೊಟ್ಟರೆ ಸಾಕು ಎನ್ನುವುದು ಅವರ ವಿದ್ಯೆ. ಹೀಗೆ ಉಳಿಸಿದ ನೀರು ಕೊನೆಯ ಗದ್ದೆಗೆ ಹೋಗುತ್ತದಲ್ಲ ಎಂಬುದು ದೊಡ್ಡಪ್ಪನ ಆಸೆ.

ನಾಲೆಯ ಪಕ್ಕದ ಚಹಾ ಅಂಗಡಿಯಲ್ಲಿ ಆ ಪೈಪು ಕೈಯಿಂದ ಕೈಗೆ ಹೋಯಿತು. ಒಬ್ಬರು ಒಂದು ಕಣ್ಣು ಮುಚ್ಚಿ ಅದರೊಳಗಿಂದ ನನ್ನನ್ನೇ ನೋಡಿದರು.

"ಇದು ಬೈಪಾಸ್ ರೋಡಿನ ಗುರ್ತು," ಎಂದರು ಅವರು.

"ರೋಡಲ್ಲ, ಗ್ಯಾಸು. ನೆಲದಾಗೆ ಗ್ಯಾಸ್ ಐತಂತೆ, ವಾಸ್ನೆ ನೋಡಾಕೆ ತೂತು ಮಾಡ್ಯಾರೆ," ಎಂದರು ಅಂಗಡಿಯವರು.

ಇವರೆಲ್ಲರ ಅನುಮಾನ ಎಲ್.ಕೆ.ಜಿ. ಮಟ್ಟದ್ದು. ನಿಜವಾದ ಪ್ರತಿಭೆ ಮೂಲೆಯಲ್ಲಿ ಕೂತಿತ್ತು. ಅವರು ನಮ್ಮ ಮೇಲಿನ ಗದ್ದೆಯ ಯಜಮಾನರು. ಕಣ್ಣಿನ ಆಪರೇಷನ್ ಆದಾಗ ಕೊಟ್ಟ ಕಪ್ಪು ಕನ್ನಡಕವನ್ನು ಕಣ್ಣು ಸರಿಯಾಗಿ ವರ್ಷ ಕಳೆದರೂ ತೆಗೆಯದ ಮನುಷ್ಯ. ನಾನು ಅವರಿಗೆ ಮನಸ್ಸಿನಲ್ಲೇ ಕೂಲಿಂಗ್ ಗ್ಲಾಸ್ ಕಾಕಾ ಎಂದು ಹೆಸರಿಟ್ಟಿದ್ದೆ.

"ಮೊದ್ಲು ಪೈಪ್ ಬರ್ತತಿ. ಆಮೇಲೆ ಮೀಟ್ರು ಬರ್ತತಿ. ಆಮೇಲೆ ಬಿಲ್ಲು ಬರ್ತತಿ," ಎಂದರು ಕಾಕಾ. "ಸ್ಕೂಟ್ರು ಮಾತ್ರ ವಾಪಸ್ ಬರಂಗಿಲ್ಲ, ನೋಡ್ತಿರ್ರಿ."

ದೊಡ್ಡಪ್ಪ ಎದ್ದು ನಿಂತರು. "ನನ್ ಗದ್ದೇಲೇ ಹಾಕ್ತೀನಿ ಕಣ್ರಿ. ಪೈಪ್ ಹೇಳಿದಂಗೆ ನೀರು ಕೊಡ್ತೀನಿ. ಬೆಳೆ ಚಲೋ ಬಂದ್ರೆ ಮುಂದಿನ್ ಬೆಳೆಗೆ ಎಲ್ರೂ ಹಾಕ್ಕಳ್ರಿ."

"ಕೆಟ್ರೆ?" ಎಂದರು ಕಾಕಾ.

"ಕೆಟ್ರೆ ಈ ಕೀಲಿ ನೀವೇ ಇಟ್ಕಳ್ರಿ."

"ಎಲ್ರೂ ಕೇಳಿದ್ರಲ್ಲ?" ಎಂದು ಕಾಕಾ ಸುತ್ತ ನೋಡಿದರು. ಕಪ್ಪು ಗಾಜಿನ ಹಿಂದೆ ಕಣ್ಣು ಎಲ್ಲಿತ್ತೋ ಗೊತ್ತಿಲ್ಲ, ನೋಡಿದ್ದಂತೂ ಎಲ್ಲರಿಗೂ ತಗುಲಿತು.

ಹೀಗೆ ಎರಡು ತಲೆಮಾರಿನ ಕೀಲಿ ಒಂದು ಪ್ಲಾಸ್ಟಿಕ್ ಪೈಪಿನ ಮೇಲೆ ಬಿತ್ತು, ಆ ಪೈಪು ನನ್ನ ಮೇಲೆ ಬಿತ್ತು. ಬೆಳಿಗ್ಗೆ ಏಳಕ್ಕೆ ಪೈಪಿನೊಳಗೆ ಸ್ಕೇಲು ಇಳಿಸಿ, ಫೋಟೋ ತೆಗೆದು ಮೇಡಂಗೆ ಕಳಿಸಬೇಕು, ದೊಡ್ಡಪ್ಪನಿಗೆ ಬಾಯಲ್ಲಿ ಹೇಳಬೇಕು. ಕೊನೆಗೆ ಸರ್ಟಿಫಿಕೇಟ್ ಕೊಡುತ್ತೇನೆಂದು ಮೇಡಂ ಹೇಳಿದ್ದರು. ನಾನು ಅದಕ್ಕೆ ಆಗಲೇ ಸರಸ್ವತಿ ನಗರದ ಹಾಲ್‌ನಲ್ಲಿ ಮೊಳೆ ಹೊಡೆಯುವ ಜಾಗ ಗುರುತಿಸಿಯಾಗಿತ್ತು.

ಮೊದಲ ಸುತ್ತು ಪುಸ್ತಕದಲ್ಲಿದ್ದ ಹಾಗೇ ನಡೆಯಿತು. ನೀರು ದಿನಾ ಎರಡೆರಡು ಬೆರಳು ಇಳಿಯಿತು, ಗೇಣು ಮುಟ್ಟಿತು, ದೊಡ್ಡಪ್ಪ ತಮ್ಮ ಸರದಿಯ ದಿನ ತೂಬು ತಿರುಗಿಸಿದರು. ಎರಡನೇ ಸುತ್ತಿನಲ್ಲಿ ಪೈಪಿಗೆ ಏನಾಯಿತೋ, ನೀರು ಇಳಿಯುವುದನ್ನೇ ಬಿಟ್ಟಿತು. ನಾಲ್ಕು ಬೆರಳು ಕೆಳಗೆ. ಮರುದಿನ ಮೂರು ಬೆರಳು. ಅದರ ಮರುದಿನ ಮತ್ತೆ ನಾಲ್ಕು. ಗದ್ದೆಯ ಮಣ್ಣು ಮಾತ್ರ ಒಣಗಿ ಬಿರುಕು ಬಿಡತೊಡಗಿತು. ಆರನೇ ದಿನ ಬಿರುಕಿಗೆ ನನ್ನ ಕಿರುಬೆರಳು ಹೋಗುತ್ತಿತ್ತು. ಎಂಟನೇ ದಿನ ನನ್ನ ಚಪ್ಪಲಿಯೇ ಹೋಗುತ್ತಿತ್ತು ಎಂದು ಗೆಳತಿಯರಿಗೆ ಮೆಸೇಜ್ ಮಾಡಿದ್ದೆ. ನಿಜ ಹೇಳಬೇಕೆಂದರೆ ಚಪ್ಪಲಿಯ ತುದಿ.

"ದೊಡ್ಡಪ್ಪ, ಇವತ್ತೂ ನೀರೈತೆ," ಎಂದು ನಾನು ವರದಿ ಕೊಟ್ಟರೆ ಅವರು ಗದ್ದೆ ನೋಡುತ್ತಿದ್ದರು, ಪೈಪು ನೋಡುತ್ತಿದ್ದರು. ಕೈ ತಾನಾಗಿಯೇ ಕೀಲಿಯನ್ನು ತಡವುತ್ತಿತ್ತು.

"ಪೈಪ್ ಹೇಳಿದಂಗೆ ಕೇಳ್ತೀನಿ ಅಂದೀನಿ," ಎಂದು ತಮಗೆ ತಾವೇ ಹೇಳಿಕೊಂಡು ಹೋಗಿಬಿಡುತ್ತಿದ್ದರು. ತಮ್ಮ ಸರದಿಯ ನೀರನ್ನೂ ಆ ವಾರ ಕೊನೆಯ ಗದ್ದೆಯವರಿಗೆ ಬಿಟ್ಟುಕೊಟ್ಟರು. ಪೈಪಿನಲ್ಲಿ ನೀರಿತ್ತಲ್ಲ!

ಕಾಕಾ ದಿನಾ ಬದುವಿನ ಮೇಲೆ ಬಂದು ನಿಂತು ಗಂಟಲು ಸರಿಮಾಡಿಕೊಂಡು ಹೋಗುತ್ತಿದ್ದರು. ಆ ಕೆಮ್ಮಿನಲ್ಲಿ ಎಷ್ಟೊಂದು ಸಂತೋಷವಿತ್ತೆಂದರೆ ಅವರಿಗೆ ಔಷಧಿ ಕೊಡಲು ಯಾವ ಡಾಕ್ಟರಿಗೂ ಮನಸ್ಸು ಬರುತ್ತಿರಲಿಲ್ಲ.

ವಾರದ ಭೇಟಿಗೆ ಬೆಳಿಗ್ಗೆ ಎಂಟಕ್ಕೆ ಬಂದ ಮೇಡಂ ಬಿರುಕು ನೋಡಿ, ಪೈಪಿನ ನೀರಿಗೆ ಕಣ್ಣಿಟ್ಟು, ಮಂಡಿಯೂರಿ ಸುತ್ತ ಕೆದಕಿದರು. "ಏಡಿ ಬಿಲ ಏನಾದ್ರೂ ಇದೆಯಾ?" ಎಂದರು. ಬಿಲ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು.

"ಫೋಟೋ ದಿನಾ ಹೊಸದೇ ತೆಗೀತೀಯ ತಾನೇ?"

ನಾನು ಲೆಕ್ಕವಿಲ್ಲದಷ್ಟು ಸುಳ್ಳು ಹೇಳಿದವಳು. ಅಜ್ಜ ಅಜ್ಜಿಯರನ್ನು ರಜಾ ಅರ್ಜಿಯಲ್ಲಿ ಹಲವು ಸಲ ಆಸ್ಪತ್ರೆಗೆ ಸೇರಿಸಿದವಳು. ಆದರೆ ನಿಜ ಹೇಳಿದಾಗಲೇ ಅನುಮಾನ ಪಟ್ಟರೆ ಎಷ್ಟು ಉರಿಯುತ್ತದೆಂದು ಅವತ್ತೇ ಗೊತ್ತಾದದ್ದು.

ಮರುದಿನ ಎಚ್ಚರವಾಗಲಿಲ್ಲ. ಎದ್ದು ಗದ್ದೆಗೆ ಹೋದಾಗ ಹನ್ನೊಂದು. ಪೈಪಿನೊಳಗೆ ನೋಡಿದರೆ ನೀರೇ ಇಲ್ಲ! ತಳದ ಮಣ್ಣು ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು. ಬೆಳಿಗ್ಗೆ ತುಂಬಿರುತ್ತದೆ, ಬಿಸಿಲೇರುವಷ್ಟರಲ್ಲಿ ಬರಿದು. ಅಂದರೆ ನಾನು ಬರುವ ಮೊದಲು ಯಾರೋ ತುಂಬಿಸುತ್ತಿದ್ದಾರೆ. ಇಷ್ಟು ವರ್ಷ ಹೋಳಿಗೆಯ ಮೇಲೆ ವ್ಯರ್ಥ ಮಾಡಿದ ಪ್ರತಿಭೆಗೆ ಕೊನೆಗೂ ತಕ್ಕ ಕೇಸು!

ಯಾರಿಗೆ ಲಾಭ? ಮೊದಲು ಕಾಕಾ. ಪೈಪು ತುಂಬಿಸಿದರೆ ನಾವು ನೀರು ಬಿಡುವುದಿಲ್ಲ, ಬೆಳೆ ಒಣಗುತ್ತದೆ, ಕೀಲಿ ಅವರ ಕೈಗೆ. ಆದರೆ ಕಾಕಾ ಎದ್ದು ಬರುವುದು ಎಂಟೂವರೆಗೆ, ಅವರ ಕೆಮ್ಮೇ ಸಾಕ್ಷಿ. ಮೇಡಂ? ನೀರು ಇಳಿಯುತ್ತಲೇ ಇಲ್ಲ, ಎಂಥ ಉಳಿತಾಯ ಎಂದು ಹೆಸರು ಮಾಡಲು? ಆದರೆ ಹರಿಹರದಿಂದ ಅಷ್ಟು ಬೇಗ ಸ್ಕೂಟರ್ ಬಂದರೆ ಊರಿನ ನಾಯಿಗಳೆಲ್ಲ ಪತ್ರಿಕಾಗೋಷ್ಠಿ ಕರೆಯುತ್ತವೆ. ಹೀಗೆ ಒಬ್ಬೊಬ್ಬರನ್ನೇ ಬಿಡುಗಡೆ ಮಾಡುತ್ತಾ ಹೋದ ಹಾಗೆ ಉಳಿದದ್ದು ಬೆಳಗಾಗುವ ಮೊದಲೇ ಏರಿಯ ಮೇಲೆ ನಡೆಯುವ ಒಬ್ಬ ಮನುಷ್ಯ. ಪೈಪು ತುಂಬಿದ್ದರೆ ತನ್ನ ನೀರನ್ನು ಕೊನೆಯ ಗದ್ದೆಗೆ ಬಿಟ್ಟು ಅಂಗಳದ ಆ ನೋಟದಿಂದ ಯಾರು ಪಾರಾಗುತ್ತಾರೋ ಆ ಮನುಷ್ಯ.

ಮಧ್ಯಾಹ್ನ ಊಟಕ್ಕೆ ನಾನು, ದೊಡ್ಡಪ್ಪ ಇಬ್ಬರೇ. ಮನೆಯಲ್ಲಿದ್ದ ಇನ್ನೊಬ್ಬಳು, ದೊಡ್ಡಪ್ಪನ ತಾಯಿ, ನಮ್ಮ ಅಜ್ಜಿ, ಮದುವೆ ಮನೆಯೊಂದಕ್ಕೆ ಶಾವಿಗೆ ಒತ್ತಲು ಹೋಗಿದ್ದಳು.

"ದೊಡ್ಡಪ್ಪ, ಪೈಪಿಗೆ ಯಾರೋ ನೀರು ಸುರೀತಾರೆ," ಎಂದೆ.

"ಯಾರು?"

"ಯಾರಿಗೆ ಲಾಭನೋ ಅವ್ರು."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಲಾಭ ನನಗೇ ಅಲ್ಲೇನವ್ವ?"

ನಾನು ಇಲ್ಲ ಎನ್ನಬೇಕಿತ್ತು. ದಿನಕ್ಕೆ ಸಾವಿರ ಮಾತಾಡುವ ಬಾಯಿ ಆಗ ಮಾತ್ರ ಚಟ್ನಿ ಜಗಿಯುತ್ತಾ ಕೂತಿತು. ಅವರು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದು ಎದ್ದುಹೋದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನು ಹುಲ್ಲಿನ ಬಣವೆಯ ಹಿಂದೆ ಕೂತಿದ್ದೆ. ಎಷ್ಟು ಸೊಳ್ಳೆ ಎಂದರೆ, ನನ್ನ ರಕ್ತದ ಗುಂಪು ಈಗ ಭಾನುವಳ್ಳಿಯ ಅರ್ಧ ಸೊಳ್ಳೆಗಳಿಗೆ ಬಾಯಿಪಾಠ. ದೊಡ್ಡಪ್ಪ ಕೀಲಿ ಹೊತ್ತು ಏರಿಯ ಮೇಲೆ ಬಂದರು. ಅವರು ನಮ್ಮ ಗದ್ದೆಯ ಕಡೆ ತಿರುಗಿಯೂ ನೋಡದೆ, ನೋಡಿದರೆ ತಡೆಯಲಾಗುವುದಿಲ್ಲ ಎನ್ನುವ ಹಾಗೆ ಕತ್ತು ಆ ಕಡೆ ಹಾಕಿಕೊಂಡು ನೆಟ್ಟಗೆ ನಡೆದು ಹೋದರು. ಬಣವೆಯ ಹಿಂದೆ ನಾನು ನಿನ್ನೆಯ ಚಟ್ನಿಯನ್ನು ಮತ್ತೆ ನುಂಗಿದೆ.

ಸ್ವಲ್ಪ ಹೊತ್ತಿಗೆ ಬದುವಿನ ಮೇಲೆ ಇನ್ನೊಂದು ಆಕಾರ. ಒದ್ದೆ ಕೂದಲಿನ ಗಂಟು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ತಾಮ್ರದ ಚೊಂಬು. ನಮ್ಮ ಅಜ್ಜಿ! ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಚೊಂಬು ಬಗ್ಗಿಸಿದಳು.

"ಅಜ್ಜಿ! ಏನ್ ಮಾಡ್ತಿದ್ದೀಯ?"

"ಅಯ್ಯ ನಿನ್ನ, ಜೀವ ಹೋಗಿತ್ತಲ್ಲೇ! ಏನ್ ಮಾಡ್ತೀನಿ, ಬರಿದಾಗಿತ್ತು, ತುಂಬ್ದೆ."

"ಯಾಕ?"

"ಯಾಕ ಅಂತ ಬೇರೆ ಕೇಳ್ತೀಯ! ಆ ಹುಡುಗಿ ಅಷ್ಟು ದೂರದಿಂದ ಬಂದು ಬಗ್ಗಿ ಬಗ್ಗಿ ನೋಡ್ತತಿ. ಮೇಲಿನ್ ಗದ್ದೆಯೋನೂ ಬಂದು ಇಣುಕ್ತಾನೆ. ನೀರಗಂಟಿ ಮನೇಲಿ ಬಂದೋರು ಬಗ್ಗಿ ನೋಡಿದ್ರೆ ಬರಿದು ಕಾಣ್ಬಾರ್ದವ್ವ."

ನಮ್ಮ ಅಂಗಳದಲ್ಲಿ ನೀರಿನ ಒಂದು ದೊಡ್ಡ ಮಣ್ಣಿನ ಗುಡಾಣ ಇದೆ. ಸರದಿಗೆ ಕಾಯುತ್ತಾ ಕೂತವರು ಕುಡಿಯಲಿ ಎಂದು ಇಟ್ಟದ್ದು. ನೀರಗಂಟಿಯ ಗುಡಾಣ ಒಣಗಿದರೆ ಅವನ ಕೈ ಒಣಗಿತೆಂದು ಆಡಿಕೊಳ್ಳುತ್ತಾರಂತೆ. ಅಜ್ಜಿ ಸೊಸೆಯಾಗಿ ಬಂದ ದಿನದಿಂದ ಬೆಳಿಗ್ಗೆ ಸ್ನಾನವಾದ ಕೂಡಲೇ ಅದನ್ನು ತುಂಬಿಸುತ್ತಾಳೆ. ಮಗನ ಗದ್ದೆಯಲ್ಲಿ ಜನ ಬಂದು ಇಣುಕುವ ಇನ್ನೊಂದು ಪಾತ್ರೆ ಹುಟ್ಟಿಕೊಂಡು, ಮೊದಲ ಸುತ್ತಿನ ಕೊನೆಗೆ ಅದು ಬರಿದಾದದ್ದು ಕಣ್ಣಿಗೆ ಬಿದ್ದಾಗ ಅದನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು. ಪೈಪಿನ ಕೆಲಸವೇನೆಂದು ಮೇಡಂ ದೊಡ್ಡಪ್ಪನಿಗೆ ಹೇಳಿದ್ದರು, ನನಗೆ ಹೇಳಿದ್ದರು, ಚಹಾ ಅಂಗಡಿಗೆ ಹೇಳಿದ್ದರು. ಮನೆಯಲ್ಲಿ ನೀರು ತುಂಬುವವಳಿಗೆ ಯಾರೂ ಹೇಳಿರಲಿಲ್ಲ.

ನಾನು ಹೇಳಿದೆ. ಅದು ಬರಿದಾಗಬೇಕು, ಬರಿದಾದರೇ ಗದ್ದೆಗೆ ನೀರು ಎಂದೆ. ಅಜ್ಜಿ ಬದುವಿನ ಮೇಲೆ ಕೂತುಬಿಟ್ಟಳು. ಸುರುಳಿ ಸುತ್ತಿಕೊಂಡಿದ್ದ ಒಂದು ಭತ್ತದ ಎಲೆಯನ್ನು ಬೆರಳಿನಲ್ಲಿ ಬಿಡಿಸಿ ನೋಡಿದಳು. ಅದು ಮತ್ತೆ ಸುತ್ತಿಕೊಂಡಿತು.

"ಅಂದ್ರೆ ಒಣಗಿಸಿದ್ದು ನಾನಾ?"

ಅವಳನ್ನು ನಗಿಸಲು ನಾನು ಏನೇನೋ ಹೇಳಿದೆ. ಒಂದೂ ಕೆಲಸ ಮಾಡಲಿಲ್ಲ.

ದೊಡ್ಡಪ್ಪ ಎಲ್ಲ ಕೇಳಿ ಬೈಯಲಿಲ್ಲ. ಗದ್ದೆಗೆ ಇಳಿದು ನಾಲ್ಕು ಕಡೆ ಬುಡ ಮುಟ್ಟಿ ನೋಡಿ, "ಇವತ್ತು ನೀರು ಬಿದ್ರೆ ಎದ್ದೇಳ್ತತಿ. ನಾಳೆ ಅಂದ್ರೆ ಹೇಳಕ್ಕಾಗಲ್ಲ," ಎಂದರು. ಆದರೆ ನಮ್ಮ ಸರದಿಗೆ ಇನ್ನೂ ಮೂರು ದಿನವಿತ್ತು. ಅವತ್ತಿನ ನೀರು ಕಾಕಾನದು.

"ಕೀಲಿ ನಿನ್ ಕೈಯಾಗೇ ಐತಲ್ಲೋ," ಎಂದಳು ಅಜ್ಜಿ.

"ಅದಕ್ಕೇ ತಿರುಗ್ಸಕ್ಕಾಗಲ್ಲವ್ವ."

ಕಾಕಾನಿಗೆ ಹೇಳಲು ನಾನು ಮೂರು ಸುಳ್ಳುಗಳನ್ನು ತಯಾರು ಮಾಡಿಕೊಟ್ಟೆ. ಒಂದರಲ್ಲಿ ಏಡಿ, ಒಂದರಲ್ಲಿ ಇಲಿ, ಮೂರನೆಯದರಲ್ಲಿ ಉಪಗ್ರಹ. ಮೂರೂ ಫಸ್ಟ್ ಕ್ಲಾಸ್. ದೊಡ್ಡಪ್ಪ "ಬ್ಯಾಡ" ಎಂದು ಚಹಾ ಅಂಗಡಿಗೆ ನಡೆದರು. ನಾನು ಹಿಂದೆ, ನನ್ನ ಹಿಂದೆ ಬೇಡವೆಂದರೂ ಅಜ್ಜಿ.

"ಇವತ್ತಿನ ನಿಮ್ ಸರದಿ ನನಗೆ ಕೊಡ್ರಿ. ನನ್ ಸರದಿ ನೀವು ತಗಳ್ರಿ," ಎಂದರು ದೊಡ್ಡಪ್ಪ.

ಕಾಕಾ ಚಹಾ ಲೋಟ ಕೆಳಗಿಟ್ಟರು. "ಯಾಕ್ರಿ? ಪೈಪ್‌ನಾಗೆ ನೀರೈತೆ ಅಂತ ನಿಮ್ ಹುಡುಗಿ ದಿನಾ ಡಂಗುರ ಹೊಡೀತತಿ?"

"ನಮ್ಮವ್ವ ಸುರೀತಿದ್ಲು. ನನಗೂ ಇವತ್ತೇ ಗೊತ್ತಾತು."

ಅಂಗಡಿಯ ಬಿಸ್ಕತ್ತು ಡಬ್ಬಿಗಳು ಅಲುಗಾಡುವಷ್ಟು ನಗು. ಕಾಕಾ ಒಬ್ಬರೇ ನಗಲಿಲ್ಲ.

"ನಂಬಾಕಾಗಲ್ಲ," ಎಂದರು. "ಕೀಲಿ ಹೋಗ್ತತಿ ಅಂತ ಮುದುಕಿ ಮ್ಯಾಲೆ ಹಾಕ್ತೀರಿ ಅನ್ಸುತ್ತೆ."

ಅಜ್ಜಿ ಮುಂದೆ ಬಂದಳು. "ಏ ತಮ್ಮಾ, ಸರದಿಗೆ ಕುಂತಾಗ ನಮ್ ಅಂಗಳದ ನೀರು ಎಷ್ಟು ಕುಡಿದಿಯೋ ನೀನು? ಒಂದಿನ ಆದ್ರೂ ಬರಿದು ನೋಡೀಯಾ?"

"ಇಲ್ಲ."

"ಯಾರು ತುಂಬ್ತಿದ್ರು?"

ಕಾಕಾ ಎದ್ದರು. ನೇರ ನಮ್ಮ ಗದ್ದೆಗೆ ಹೋಗಿ ಪೈಪಿನ ಮುಂದೆ ಕೂತರು. ಆಪರೇಷನ್ ಆದ ಮೇಲೆ ಮೊದಲ ಸಲವೋ ಏನೋ, ಕಪ್ಪು ಕನ್ನಡಕ ತೆಗೆದರು. ಬೆಳಿಗ್ಗೆ ಸುರಿದ ಚೊಂಬು ನೀರು ಇನ್ನೂ ಸ್ವಲ್ಪ ಇತ್ತು. ಒಂದು ಕಡ್ಡಿ ಇಳಿಸಿ, ಒದ್ದೆಯಾದ ಕಡೆ ಉಗುರಿನಿಂದ ಗೀರಿದರು. ಅಲ್ಲೇ ಬಿಸಿಲಿನಲ್ಲಿ ಕೂತರು. ಮತ್ತೆ ಇಳಿಸಿದರು, ಮತ್ತೆ ಗೀರಿದರು. ಕಡ್ಡಿಯ ಮೇಲೆ ಗೀರು ಕೆಳಕೆಳಗೆ ಹೋಗಿ ಕೊನೆಗೆ ಒದ್ದೆಯೇ ಆಗದಾಗ ಎದ್ದು ಪಂಚೆ ಕೊಡವಿಕೊಂಡರು.

"ತಿರುಗ್ಸ್ರಿ," ಎಂದರು. "ಆದ್ರೆ ಸಭೇಲಿ ಎಲ್ಲ ಹೇಳ್ಬೇಕು."

ನೀರು ಬಿತ್ತು. ಬಿರುಕುಗಳು ಗೊಳಗೊಳ ಕುಡಿದವು. ಸಂಜೆಯ ಹೊತ್ತಿಗೆ ಎಲೆಗಳು ಬಿಚ್ಚಿಕೊಂಡವು, ಬದುವಿನ ಮೂಲೆಯ ಒಂದಿಷ್ಟು ಮಾತ್ರ ಬಿಚ್ಚಿಕೊಳ್ಳಲಿಲ್ಲ.

ಮರುದಿನ ಹರಿಹರಕ್ಕೆ ಹೋಗಿ ಮೇಡಂಗೆ ನಾನೇ ಹೇಳಿದೆ. ಅವರ ಕೋಣೆಯ ಕಿಟಕಿಯಿಂದ ಸೇತುವೆ, ಅದರ ಕೆಳಗೆ ಬೇಸಿಗೆಯ ಬಡಕಲು ಹೊಳೆ ಕಾಣುತ್ತಿತ್ತು. ಅವರು ಲ್ಯಾಪ್‌ಟಾಪ್ ತೆರೆದು ನನ್ನ ಒಂಬತ್ತು ದಿನಗಳನ್ನು ಒಂದೊಂದಾಗಿ ಕೆಂಪು ಮಾಡಿದರು. ನನಗೆ ಒಂಬತ್ತು ಸಲ ಫೇಲಾದ ಹಾಗಾಯಿತು. ಆಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತರು.

"ಬೇರೆ ಊರುಗಳಲ್ಲೂ ಪೈಪಿದೆ. ಅಲ್ಲೂ ಅಜ್ಜಿಯರಿದ್ದಾರೆ," ಎಂದರು. ಅವರ ಮುಖದಲ್ಲಿ ಆಗ ಮೂಡಿದ ಅನುಮಾನ ನನ್ನ ದರ್ಜೆಯದೇ. ಅವತ್ತೇ ಸ್ಕೂಟರ್ ಹತ್ತಿ ಒಂದೊಂದು ಮನೆಯ ಅಡುಗೆಮನೆಗೂ ಹೋಗಿ ಬಂದರಂತೆ.

ಕೊಯ್ಲಾದ ಮೇಲೆ ಸಭೆ ಸೇರಿತು. ದೊಡ್ಡಪ್ಪ ಎದ್ದು ನಿಂತು ಎಲ್ಲ ಹೇಳಿದರು. ಮೂಲೆಯ ಭತ್ತ ಜೊಳ್ಳು, ಉಳಿದದ್ದು ಅಕ್ಕಪಕ್ಕದ ಗದ್ದೆಗಳ ಹಾಗೇ ಬಂದಿದೆ, ಒಂಬತ್ತು ದಿನದ ತಪ್ಪು ನಮ್ಮ ಮನೆಯದು. ಹೇಳಿ, ಕೀಲಿಯನ್ನು ಚಾಪೆಯ ಮೇಲೆ ಇಟ್ಟರು. ನಾನು ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದೆ, ಹತ್ತೂ ಮುಗಿದಿದ್ದವು. ಕೊನೆಯ ಗದ್ದೆಯವರು ಎಲ್ಲರೂ ಕಾಕಾನ ಕಡೆ ನೋಡಿದರು, ಅದೇ ಬೈಯದ ನೋಟ.

"ಕೀಲಿ ತಗಂಡು ನಾನೇನ್ ಮಾಡ್ಲಿ, ಬೆಳಿಗ್ಗೆ ಎದ್ದೇಳಾರು ಯಾರು?" ಎಂದರು ಕಾಕಾ. "ಇಟ್ಕಳ್ರಿ ನೀವೇ. ಆದ್ರೆ ಪೈಪ್ ವಿಷ್ಯ ಇನ್ನೂ ಮುಗ್ದಿಲ್ಲ. ನೀರಗಂಟಿ ಗದ್ದೇಲಿ ನೋಡಿದ್ರೆ ನಂಬ್ಕಿ ಬರಂಗಿಲ್ಲ. ಮುಂದಿನ್ ಬೆಳೆಗೆ ನನ್ ಗದ್ದೇಲಿ ಹಾಕ್ರಿ. ನಾನೇ ನೋಡ್ತೀನಿ. ಬಾಯಿಗೆ ಬೀಗ ಹಾಕ್ತೀನಿ."

"ಯಾರ್ ಬಾಯಿಗ್ರಿ?" ಎಂದರು ಅಂಗಡಿಯವರು.

"ಪೈಪಿನ್ ಬಾಯಿಗೆ!"

ಈಗ ಕಾಕಾನ ಗದ್ದೆಯಲ್ಲಿ ಮೂರು ಪೈಪುಗಳಿವೆ. ಒಂದು ಸುಳ್ಳು ಹೇಳಿದರೆ ಇನ್ನೆರಡು ಹಿಡಿದುಕೊಡಲಿ ಎಂದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡುತ್ತಾರೆ. ನೀರು ಗೇಣು ಇಳಿಯುವವರೆಗೆ ತಮ್ಮ ಸರದಿ ಬಂದರೂ ಮುಟ್ಟುವುದಿಲ್ಲ, ಮೋಸ ಮಾಡಿದರೆಂದು ಯಾರಾದರೂ ಅಂದಾರೆಂದು. ಅಂಥ ದಿನಗಳಲ್ಲಿ ಆ ನೀರು ತಾನಾಗಿಯೇ ಕೊನೆಯ ಗದ್ದೆಗೆ ಹರಿಯುತ್ತದೆ. ಅಂಗಳಕ್ಕೆ ಬಂದು ಮುಖ ನೋಡುವವರು ಈಗ ಇಬ್ಬರೋ ಮೂವರೋ ಎಂದು ದೊಡ್ಡಪ್ಪ ಫೋನಿನಲ್ಲಿ ಹೇಳಿದರು.

ಮೇಡಂ ಬೇಡವೆಂದರೂ ಕಾಕಾ ಫೋಟೋಗಳನ್ನು ನನಗೂ ಕಳಿಸುತ್ತಾರೆ, ಎರಡನೇ ಸಾಕ್ಷಿ ಇರಲಿ ಎಂದು. ಇವತ್ತು ಬೆಳಿಗ್ಗೆ ಕಾಲೇಜಿಗೆ ಹೊರಡುವ ಹೊತ್ತಿಗೂ ಒಂದು ಬಂತು. ಫೋಟೋ ತುಂಬಾ ಬರೀ ಹೆಬ್ಬೆರಳು. "ಹೆಬ್ಬೆರಳು ತೆಗೀರಿ, ನೀರು ಕಾಣಲ್ಲ" ಎಂದು ಬರೆದೆ. ಕೂಡಲೇ ಅವರ ವಾಯ್ಸ್ ಮೆಸೇಜ್ ಬಂತು. ಹಿಂದೆಲ್ಲೋ ಕಪ್ಪೆಗಳ ಸದ್ದು.

"ಯಾಕ? ಹೆಬ್ಬೆರಳಿನ ಹಿಂದೆ ನಾನೇನು ಮುಚ್ಚಿಡ್ತೀನಿ ಅಂದ್ಕಂಡಿ ನೀನು?"